ಗ್ರಹಣಕ್ಕೆ ಕತ್ತರಿಸಿದ ಎಕ್ಸ್‌ರೇ

ಅಕ್ಕನ ಕಾಯಿಲೆ ಎಲುಬಿಗೆ ಹರಡಿದೆ ಎಂದು ನಾನು ಐದು ತಿಂಗಳು ನಂಬಿದ್ದೆ. ಹರಡಿರಲಿಲ್ಲ. ಆ ಐದು ತಿಂಗಳಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡಬೇಕು ಎಂದು ಕೂತಿದ್ದೇನೆ. ಕ್ರಮ ತಪ್ಪಿದರೆ ನನ್ನ ಪಾಲಿನ ತಪ್ಪು ಬೇರೆಯವರ ಮೇಲೆ ಬೀಳುತ್ತದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಾವಿಬ್ಬರೂ ಹುಟ್ಟಿದ್ದು ಹೊನ್ನಾವರದ ಪಕ್ಕದ ಮಾವಿನಕುರ್ವೆಯಲ್ಲಿ. ಅವಳನ್ನು ಕೊಟ್ಟದ್ದು ತದಡಿಗೆ. ಬಾವ ಅಲ್ಲಿ ತಾಂಡೇಲ. ಬೇರೆಯವರ ಬೋಟನ್ನು ಸಮುದ್ರಕ್ಕೆ ನಡೆಸಿಕೊಂಡು ಹೋಗುವವನು. ನಾನು ಭಟ್ಕಳದ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತ. ಅಕ್ಕ ದಿನಾ ಬೆಳಿಗ್ಗೆ ಬಂದರದಲ್ಲಿ ಮೀನು ಕೊಂಡು, ಟೆಂಪೋ ಹತ್ತಿ, ಕುಮಟಾ ಮೀನು ಮಾರ್ಕೆಟ್ಟಿಗೆ ಬಂದು ಕೂರುತ್ತಿದ್ದಳು.

ಆ ಮಾರ್ಕೆಟ್ಟಿನಲ್ಲಿ ಯಾರ ಜಾಗಕ್ಕೂ ಕಾಗದಪತ್ರ ಇಲ್ಲ. ಆದರೂ ಪ್ರತಿ ಹೆಂಗಸಿಗೆ ತನ್ನದೊಂದು ಜಾಗ ಇದೆ. ಅತ್ತೆ ಕೂತಲ್ಲಿ ಸೊಸೆ, ತಾಯಿ ಕೂತಲ್ಲಿ ಮಗಳು. ಅಕ್ಕನದು ಬಾಗಿಲಿನಿಂದ ಮೂರನೆಯದು, ಕಂಬದ ಪಕ್ಕ. ಬೆನ್ನು ಆನಿಸಿ ಕೂರಬಹುದು, ಮಳೆಗಾಲದಲ್ಲಿ ಹನಿ ಸಿಡಿಯುವುದಿಲ್ಲ. ಅವಳ ಅತ್ತೆಯಿಂದ ಬಂದದ್ದು. ಹೆರಿಗೆಗೆ ಹೋದರೆ, ಕಾಯಿಲೆ ಬಿದ್ದರೆ, ಜಾಗ ತಿಂಗಳುಗಟ್ಟಲೆ ಖಾಲಿ ಬಿಡುವಂತಿಲ್ಲ. ಯಾರನ್ನಾದರೂ ಕೂರಿಸಿ ಹೋಗಬೇಕು. ಜಾಗದವಳು ತಿರುಗಿ ಬಂದ ದಿನ ಕೂತವಳು ಎದ್ದು ಬಿಡುತ್ತಾಳೆ. ಆದರೆ ಎಲೆ ಅಡಿಕೆ ಇಟ್ಟು, ಕೂರುವ ಮಣೆ ಮತ್ತು ಮೀನು ಹೆಚ್ಚುವ ಕತ್ತಿಯ ಸಮೇತ ಕೊಟ್ಟರೆ, ಅದು ಕೊಟ್ಟದ್ದೇ. ಮತ್ತೆ ಕೇಳುವ ರೂಢಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇಕಾಗುತ್ತದೆ.

ಪಕ್ಕದ ಜಾಗದ ಹೆಂಗಸಿಗೂ ಅಕ್ಕನಿಗೂ ಇಪ್ಪತ್ತು ವರ್ಷದ ಜಗಳ. ನಾನು ಯಾವತ್ತಾದರೂ ಕುಮಟಾಕ್ಕೆ ಹೋದಾಗ ಅರ್ಧ ಗಂಟೆ ನಿಂತು ಕೇಳುತ್ತಿದ್ದೆ.

"ನಿನ್ನ ಬಂಗಡೆ ಕಣ್ಣ ನೋಡೆ ಮಾರಾಯ್ತಿ, ನಿನ್ನ ಗಂಡನ ಕಣ್ಣಿನಂಗೇ ಕೆಂಪಾಗದೆ. ಯಾರು ತಕಳ್ತರು?" ಎಂದು ಅವಳು.

"ನಿನ್ನ ತಾರ್ಲೆಗೆ ಕಣ್ಣೇ ಇಲ್ಲ. ಬೆಕ್ಕು ತಿಂದು ಬಿಟ್ಟದ್ದು ತಂದ್ಯ ಎಂತ?" ಎಂದು ಅಕ್ಕ.

ಗಿರಾಕಿ ಬಂದರೆ ಇಬ್ಬರೂ ಒಂದೇ ಬಾಯಲ್ಲಿ ಕರೆಯುತ್ತಿದ್ದರು. ಚಾ ಬಂದರೆ ಒಂದೇ ಲೋಟವನ್ನು ಎರಡು ಮಾಡುತ್ತಿದ್ದರು.

ದೀಪಾವಳಿಗೆ ನಾವು ತದಡಿಗೆ ಹೋಗಿದ್ದಾಗ ಅಕ್ಕ ನನ್ನ ಹೆಂಡತಿಯನ್ನು ಬಚ್ಚಲಿಗೆ ಕರೆದು ಎದೆಯಲ್ಲಿದ್ದ ಗಂಟನ್ನು ಮುಟ್ಟಿಸಿ ತೋರಿಸಿದಳು. ಎಡಗಡೆ. ಅಡಿಕೆಯಷ್ಟು. ನೋವಿಲ್ಲ. ಯಾವಾಗಿನಿಂದ ಎಂದರೆ, "ಮೀನ ಬುಟ್ಟಿ ತಾಗಿ ಆದದ್ದು ಅಂದ್ಕಂಡಿದ್ದೆ" ಎಂದಳಂತೆ. ಮರುದಿನವೇ ಕುಮಟಾದ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ಅವರು ತಡ ಮಾಡಬೇಡಿ ಎಂದು ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಗಂಟಿಗೆ ಸೂಜಿ ಹಾಕಿ ಪರೀಕ್ಷಿಸಿದರು. ಕ್ಯಾನ್ಸರ್ ಎಂದು ಬಂತು. ಆದರೆ ಅಲ್ಲಿನ ಡಾಕ್ಟರು ಹೆದರಿಸಲಿಲ್ಲ. ಗಂಟು ಇನ್ನೂ ಚಿಕ್ಕದಿದೆ, ಆಪರೇಶನ್ ಮಾಡಿ ಆಮೇಲೆ ಔಷಧಿ ಕೊಟ್ಟರೆ ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ ಎಂದರು. ಆಪರೇಶನ್ನಿಗೆ ಮೊದಲು ಮೈಯೆಲ್ಲ ಒಂದು ಸ್ಕ್ಯಾನ್ ಮಾಡಿಸಬೇಕು ಎಂದರು. ಮಾಡಿಸಿದೆವು.

ಸ್ಕ್ಯಾನಿನ ಮರುದಿನ ಡಾಕ್ಟರು ನನ್ನನ್ನೂ ಬಾವನನ್ನೂ ಮಾತ್ರ ಒಳಗೆ ಕರೆದರು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಕನ ಸೊಂಟದ ಎಲುಬು ಇತ್ತು. ಅದರ ಮೇಲೆಲ್ಲ ಬಿಳಿ ಚುಕ್ಕೆಗಳು. ತೊಡೆಯ ಎಲುಬಿನ ತುದಿಯಲ್ಲಿ, ಭುಜದ ಹತ್ತಿರ ಕೂಡ. ಅಕ್ಕಿಯ ನುಚ್ಚು ಚೆಲ್ಲಿದ ಹಾಗೆ.

ಆ ದಿನ ಡಾಕ್ಟರು ಆಡಿದ ಮಾತುಗಳನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿ ನೋಡಿದ್ದೇನೆ. ಅವರು ಹೇಳಿದ್ದು ಇಷ್ಟು: "ಇದು ಎಲುಬಿಗೆ ಹರಡಿದ ಹಾಗೆ ಕಾಣುತ್ತದೆ. ಹರಡಿದ್ದೇ ಹೌದಾದರೆ ಆಪರೇಶನ್ನಿನಿಂದ ಉಪಯೋಗ ಇಲ್ಲ, ಮಾತ್ರೆ ಕೊಟ್ಟು ಆದಷ್ಟು ದಿನ ತಡೆಯಬಹುದು. ಆದರೆ ಖಚಿತ ಮಾಡಿಕೊಳ್ಳಬೇಕು. ಸೊಂಟದ ಎಲುಬಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ." ಆಮೇಲೆ ಇನ್ನೊಂದು ಮಾತು ಕೇಳಿದರು. "ಇವರದ್ದು ಹಳೆಯ ಎಕ್ಸ್‌ರೇ ಏನಾದರೂ ಇದೆಯಾ? ಯಾವತ್ತಾದರೂ ಬಿದ್ದು ಪೆಟ್ಟಾಗಿ ತೆಗೆಸಿದ್ದು?"

ನಾನು ಇಲ್ಲ ಎಂದೆ.

ಇತ್ತು. ಇತ್ತು ಎಂಬುದು ನನಗೆ ಆ ಕ್ಷಣಕ್ಕೇ ನೆನಪಾಗಿತ್ತು.

ಅಕ್ಕ ಮದುವೆಗೆ ಮೊದಲು ಮಾವಿನಕುರ್ವೆಯಲ್ಲಿ ದೋಣಿಯಿಂದ ಇಳಿಯುವಾಗ ಪಾಚಿಯ ಕಲ್ಲಿನ ಮೇಲೆ ಜಾರಿ ಬಿದ್ದಿದ್ದಳು. ಹದಿನೈದು ದಿನ ಎದ್ದು ನಡೆಯಲಾಗಲಿಲ್ಲ. ಹೊನ್ನಾವರದಲ್ಲಿ ಸೊಂಟದ ಎಕ್ಸ್‌ರೇ ತೆಗೆದು ಮುರಿದಿಲ್ಲ ಎಂದು ಕಳಿಸಿದ್ದರು. ಆ ಫಿಲ್ಮನ್ನು ಅಮ್ಮ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಳು. ಅಮ್ಮ ನನ್ನ ಜೊತೆ ಭಟ್ಕಳಕ್ಕೆ ಬಂದಾಗ ಟ್ರಂಕೂ ಬಂತು. ಅಮ್ಮ ತೀರಿಕೊಂಡ ಮೇಲೆ ಟ್ರಂಕು ಉಳಿಯಿತು.

ಕೆಲವು ವರ್ಷಗಳ ಹಿಂದೆ ಚಳಿಗಾಲದಲ್ಲಿ ಒಂದು ಸೂರ್ಯಗ್ರಹಣ ಆಯಿತು. ಮನೆಯಲ್ಲಿ ಹಳೆಯ ಎಕ್ಸ್‌ರೇ ಇದ್ದವರು ತನ್ನಿ, ಅದರೊಳಗಿಂದ ನೋಡೋಣ ಎಂದು ನಮ್ಮ ಶಾಲೆಯ ಸ್ಟಾಫಿನಲ್ಲಿ ಮಾತಾಯಿತು. ಅದರಿಂದ ಕಣ್ಣಿಗೆ ಕೆಡುಕು ಎಂದು ಆಮೇಲೆ ಗೊತ್ತಾಯಿತು. ಆಗ ಎಲ್ಲರೂ ಹಾಗೇ ನೋಡುತ್ತಿದ್ದರು. ನಾನು ಟ್ರಂಕಿನಿಂದ ಅಕ್ಕನ ಫಿಲ್ಮನ್ನು ತೆಗೆದೆ. ಬೆಳಕಿಗೆ ಹಿಡಿದಾಗ ಎಲುಬಿನ ಮೇಲೆ ಬಿಳಿ ಚುಕ್ಕೆಗಳು ಕಂಡವು. ಉಪ್ಪುಗಾಳಿಗೆ ಫಿಲ್ಮ್ ಬೂಷ್ಟು ಹಿಡಿದಿದೆ ಎಂದುಕೊಂಡೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೂ ನೋಡಿದೆ. ಆಮೇಲೆ ಆಫೀಸಿನ ಕತ್ತರಿಯಿಂದ ಫಿಲ್ಮಿನ ಕಪ್ಪು ಅಂಚುಗಳನ್ನು ಪಟ್ಟಿಯಾಗಿ ಕತ್ತರಿಸಿ ನಾಲ್ಕು ಜನರಿಗೆ ಹಂಚಿದೆ. ಎಲುಬು ಇದ್ದ ನಡುವಿನ ಭಾಗ ಬೆಳಕು ಬಿಡುತ್ತಿತ್ತು. ಸೂರ್ಯನನ್ನು ನೋಡಲು ಅದು ಬರುವುದಿಲ್ಲ. ಅದನ್ನು ಮನೆಗೆ ತಂದೆ.

ಡಾಕ್ಟರು ಕೇಳಿದಾಗ ನನಗೆ ನೆನಪಾದದ್ದು ಈ ಕತ್ತರಿಸಿದ ಫಿಲ್ಮು. ಅಷ್ಟು ದೊಡ್ಡ ಆಸ್ಪತ್ರೆಯ ಡಾಕ್ಟರ ಮುಂದೆ, ಇತ್ತು, ಗ್ರಹಣ ನೋಡಲು ಕತ್ತರಿಸಿದೆ ಎಂದು ಹೇಳಲು ನಾಚಿಕೆಯಾಯಿತು. ಬೂಷ್ಟು ಹಿಡಿದದ್ದು, ಅರ್ಧ ಇಲ್ಲದ್ದು, ಯಾವ ಕಾಲದ್ದೋ ಬಿದ್ದ ಪೆಟ್ಟಿನದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೂ ಅನಿಸಿತು. ಎರಡೂ ನಿಜ. ಆದರೆ ಮೊದಲು ಬಂದದ್ದು ನಾಚಿಕೆ.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ನಾನೂ ಬಾವನೂ ಕೂತೆವು. ಅಕ್ಕ ಆಚೆ ಕೊನೆಯಲ್ಲಿ ನನ್ನ ಹೆಂಡತಿಯ ಜೊತೆ ಇದ್ದಳು, ಕಾಣುತ್ತಿದ್ದಳು.

"ಎಲುಬ ಕೊರಿಯುದೆಲ್ಲ ಬ್ಯಾಡ" ಎಂದ ಬಾವ. "ನಮ್ಮ ಬೋಟಿನ ಕಲಾಸಿ ಹೆಂಡತಿಗೆ ಹಿಂಗೇ ಮಾಡಿದ್ರು. ಅಲ್ಲಿವರಿಗೆ ಬುಟ್ಟಿ ಹೊರ್ತಿತ್ತು ಹೆಂಗಸು. ಕಬ್ಬಿಣ ಮುಟ್ಸಿದ್ದೇ, ಎಲ್ಲಾ ಕಡೆ ಹೋತು. ಒಂದೂವರೆ ತಿಂಗಳು."

"ಗಂಟಿಗೆ ಸೂಜಿ ಹಾಕಿದ್ರಲ್ಲ ಬಾವ."

"ಹಾಕಿದ ಮೇಲೇ ಅಲ್ಲ ಇದು ಕಂಡದ್ದು?"

ನಾನು ಓದಿದವನು, ಇಂಗ್ಲಿಷ್ ಪತ್ರ ಟೈಪ್ ಮಾಡುವವನು. ವರದಿಯ ಕೊನೆಯ ಸಾಲಿನಲ್ಲಿ, ಹಿಂದಿನ ಫಿಲ್ಮುಗಳಿದ್ದರೆ ಹೋಲಿಸಿ ನೋಡಬೇಕು, ಎಲುಬಿನ ಪರೀಕ್ಷೆ ಮಾಡಬೇಕು ಎಂದು ಇದ್ದದ್ದನ್ನು ಎರಡು ಸಲ ಓದಿದ್ದೆ. ಬಾವನಿಗೆ ತಿಳಿಸಿ ಹೇಳಬೇಕಾದವನು ನಾನೇ. ಆದರೆ ಆ ಪರದೆಯ ಮೇಲಿನ ಚುಕ್ಕೆಗಳನ್ನು ನೋಡಿದ ಮೇಲೆ ನನಗೆ ಯಾವ ಸಂಶಯವೂ ಉಳಿದಿರಲಿಲ್ಲ. ಸಾಯುವವಳಿಗೆ ಇನ್ನೊಂದು ನೋವು ಯಾಕೆ ಎಂದು ನನ್ನ ಮನಸ್ಸೂ ಹೇಳಿತು. ಪರೀಕ್ಷೆ ಬೇಡ ಎಂದು ನಾನೇ ಸಹಿ ಮಾಡಿದೆ. ಡಾಕ್ಟರು ಇನ್ನೊಮ್ಮೆ ಯೋಚನೆ ಮಾಡಿ ಎಂದರು. ಮಾಡಿದ್ದೇವೆ ಎಂದೆ. ಮಾತ್ರೆ ಬರೆದುಕೊಟ್ಟರು.

ಅಕ್ಕನಿಗೆ, ಎಲುಬು ಸ್ವಲ್ಪ ಸವೆದಿದೆ, ಅದು ಗಟ್ಟಿಯಾದ ಮೇಲೆ ಆಪರೇಶನ್ ಅಂತೆ ಎಂದು ಹೇಳಿದೆವು. ನಮ್ಮಲ್ಲಿ ಹೀಗೆ ಹೇಳುವುದೇ ಕ್ರಮ. ಯಾರೂ ರೋಗಿಯ ಎದುರು ರೋಗದ ಹೆಸರು ಎತ್ತುವುದಿಲ್ಲ. ಅಕ್ಕ ಒಂದೂ ಪ್ರಶ್ನೆ ಕೇಳಲಿಲ್ಲ. "ಆತು" ಎಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಮೂರು ವಾರ ಕಳೆದಿರಬೇಕು. ಅವಳೇ ಫೋನ್ ಮಾಡಿದಳು. ನಾನು ಆಫೀಸಿನಲ್ಲಿದ್ದೆ, ಮಧ್ಯಾಹ್ನದ ಊಟದ ಹೊತ್ತು.

"ತಮಾ, ಮಾರ್ಕೆಟ್ಟಿಂದ ಪಕ್ಕದವಳು ಬಂದಿತ್ತು. ಅದರ ತಂಗಿ ಮಗಳು ಗಂಡನ ಬಿಟ್ಟು ಬಂದದೆ, ಕೂರುಕೆ ಜಾಗ ಇಲ್ಲ. ಸದ್ಯಕ್ಕೆ ನನ್ನ ಜಾಗದಲ್ಲಿ ಕೂರ್ಲಿ ಅಂತದೆ."

"ಕೂರ್ಲಿ. ಅದಕ್ಕೆಂತ?"

"ಕೂರ್ಲಿ ಸೈ. ನಾ ಕೇಳುದು ಅದಲ್ಲ. ಸುಮ್ನೆ ಕೂರ್ಸ್ಲ, ಎಲೆ ಅಡಿಕೆ ಇಟ್ಟು ಕೊಟ್ಟೇ ಬಿಡ್ಲ?"

ಲೈನು ಕಡಿದಿದೆಯೋ ಎಂದು ಅವಳು ಎರಡು ಸಲ "ತಮಾ, ತಮಾ" ಎಂದಳು.

ಈ ಪ್ರಶ್ನೆಗೆ ಸುಳ್ಳು ಹೇಳುವುದು ಸುಲಭ ಇತ್ತು. ಸುಮ್ನೆ ಕೂರ್ಸು ಮಾರಾಯ್ತಿ, ಮಳೆಗಾಲ ಮುಗಿದ ಮೇಲೆ ನೀನೇ ಹೋಗಿ ಕೂರುವಿ ಎನ್ನಬಹುದಿತ್ತು. ಆದರೆ ಗಂಡನನ್ನು ಬಿಟ್ಟು ಬಂದ ಆ ಹೆಣ್ಣಿನ ಯೋಚನೆ ಬಂತು. ಅಕ್ಕ ಸತ್ತ ಮೇಲೆ ಜಾಗಕ್ಕೆ ನಾಲ್ಕು ಜನ ಜಗಳವಾಡುವುದು ಕಣ್ಣಿಗೆ ಕಟ್ಟಿತು. ಅಕ್ಕ ತನ್ನ ಕೈಯಾರೆ ಕೊಟ್ಟು ಹೋದರೆ ಅವಳಿಗೂ ಒಂದು ಸಮಾಧಾನ ಎಂದುಕೊಂಡೆ. ನಾನು ಎಲ್ಲ ತಿಳಿದವನ ಹಾಗೆ ಹೇಳಿದೆ:

"ಕೊಟ್ಟುಬಿಡು ಅಕ್ಕಾ."

"ಆತು. ಊಟ ಮಾಡ್ದ್ಯ ನೀನು?" ಎಂದಳು.

ಆ ವಾರವೇ ಅವಳು ಕುಮಟಾಕ್ಕೆ ಹೋಗಿ, ಇಡೀ ಮಾರ್ಕೆಟ್ಟಿನ ಹೆಂಗಸರ ಎದುರು ಎಲೆ ಅಡಿಕೆಯ ಜೊತೆ ಮಣೆಯನ್ನೂ ಕತ್ತಿಯನ್ನೂ ಆ ಹೆಣ್ಣಿನ ಕೈಗೆ ಕೊಟ್ಟು ಬಂದಳಂತೆ. ಪಕ್ಕದವಳು ಜೋರಾಗಿ ಅತ್ತಳಂತೆ. ಅಕ್ಕ ಅಳಲಿಲ್ಲವಂತೆ.

ಚಳಿ ಹೋಯಿತು, ಸೆಖೆ ಬಂತು. ಬಾವ ಯಾರಿಂದಲೋ ಘಟ್ಟದ ಮೇಲಿನ ನಾಟಿ ಔಷಧಿ ತರಿಸಿದ. ಅಕ್ಕ ಮಾತ್ರೆಯನ್ನೂ ನುಂಗಿದಳು, ಕಷಾಯವನ್ನೂ ಕುಡಿದಳು. ಊರಿನವರು ಬಂದು ಹೋಗುವಾಗ ಒಳ್ಳೆಯ ಮೀನು ತಂದು ಕೊಡುತ್ತಿದ್ದರು. ಬೋಟಿನಲ್ಲಿ ಇಸವಾಣದಂಥ ದೊಡ್ಡ ಮೀನು ಸಿಕ್ಕಿದರೆ ಒಂದು ತುಂಡು ಅವರ ಮನೆಗೆ. ಬಳಚು, ಅಂದರೆ ಚಿಪ್ಪುಮೀನು, ತೆಗೆಯುವ ಹೆಂಗಸರು ಅಳಿವೆಯಿಂದ ಬರುವಾಗ ಬಾಗಿಲಲ್ಲಿ ಒಂದು ಹಿಡಿ ಸುರಿದು ಹೋಗುತ್ತಿದ್ದರು. ಅಕ್ಕ ಅದನ್ನೆಲ್ಲ ಬೇಯಿಸಿ ಬಾವನಿಗೆ ಬಡಿಸುತ್ತಿದ್ದಳು. ತಿಂಗಳಿಗೆ ಎರಡು ಸಲ ಹೋಗುತ್ತಿದ್ದ ನನಗೆ ಅವಳು ತೆಳ್ಳಗಾಗುತ್ತಿರುವುದು ಕಾಣುತ್ತಿತ್ತು. ಗಂಟಿನ ಬಗ್ಗೆ ಕೇಳುವ ಧೈರ್ಯ ಇರಲಿಲ್ಲ. ಅದು ಬೆಳೆಯುತ್ತಿದೆ ಎಂದು ಹೆಂಡತಿ ಹೇಳಿದಳು. ಬೆಳೆಯಲೇಬೇಕಲ್ಲ ಎಂದುಕೊಂಡೆ.

ನಮ್ಮ ಮನೆಯ ದೇವರ ಗೂಡಿನಲ್ಲಿ ಅಮ್ಮ ಇಡಗುಂಜಿಯಿಂದ ತಂದ ಗಣಪತಿಯ ಪಟ ಇದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಅದಕ್ಕೆ ಕೈಮುಗಿದು, ಹೆಚ್ಚು ನರಳಿಸಬೇಡ ಎಂದು ಬೇಡುತ್ತಿದ್ದೆ. ಉಳಿಸು ಎಂದು ಬೇಡಲಿಲ್ಲ. ಆಗದ್ದನ್ನು ದೇವರ ಹತ್ತಿರವೂ ಕೇಳಬಾರದು ಎಂಬ ಭಾವನೆ ನನ್ನದು.

ಏಪ್ರಿಲ್ ಕೊನೆಯಲ್ಲಿ, ಹೆದ್ದಾರಿ ಕೆಲಸ ನಡೆಯುವಲ್ಲಿ ಜಲ್ಲಿಯ ಮೇಲೆ ನನ್ನ ಸ್ಕೂಟರ್ ಜಾರಿತು. ಬಲಗೈ ಊರಿ ಬಿದ್ದೆ. ಮಣಿಕಟ್ಟು ಊದಿಕೊಂಡಿತು. ಭಟ್ಕಳದಲ್ಲಿ ಒಬ್ಬ ವಯಸ್ಸಾದ ಎಲುಬಿನ ಡಾಕ್ಟರಿದ್ದಾರೆ. ಒಳಗೆ ಸಹಾಯಕನ ಜೊತೆ ನವಾಯತಿಯಲ್ಲಿ ಮಾತು, ನಮ್ಮ ಜೊತೆ ಕನ್ನಡ. ಶಾಲೆಯಿಂದ ಬಂದವರೆಲ್ಲ ಅವರಿಗೆ ಮಾಸ್ತರರೇ.

ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಇನ್ನೂ ಹತ್ತಿರ ಹೋಗಿ ನೋಡಿದರು.

"ಮುರೀಲಿಲ್ಲ ಮಾಸ್ತರ್ರೇ. ಎರಡು ವಾರ ಪಟ್ಟಿ ಸಾಕು. ಆದ್ರೆ ಇದು ನಿಮ್ಗೆ ಮೊದಲೇ ಗೊತ್ತಿತ್ತಾ?"

"ಎಂಥದ್ದು?"

"ಬನ್ನಿ, ನೋಡಿ."

ನನ್ನ ಮಣಿಕಟ್ಟಿನ ಸಣ್ಣ ಸಣ್ಣ ಎಲುಬುಗಳ ಮೇಲೆ ಬಿಳಿ ಚುಕ್ಕೆಗಳಿದ್ದವು. ಬೆರಳಿನ ಗಂಟುಗಳ ಹತ್ತಿರವೂ ಇದ್ದವು. ಅಕ್ಕಿಯ ನುಚ್ಚು ಚೆಲ್ಲಿದ ಹಾಗೆ.

ನನಗೂ ಬಂತು ಎಂಬುದೇ ಮೊದಲು ಬಂದ ಯೋಚನೆ. ಡಾಕ್ಟರು ನನ್ನ ಮುಖ ನೋಡಿ ಸ್ಟೂಲು ಎಳೆದು ಕೂರಿಸಿದರು.

"ಅರೆ, ಹೆದರ್ಬೇಡಿ! ಇದು ರೋಗ ಅಲ್ಲ. ಹುಟ್ಟಿನಿಂದ ಬರೋದು. ನೋವಿಲ್ಲ, ಏನೂ ಮಾಡೋದಿಲ್ಲ, ಔಷಧಿ ಬೇಡ. ಮುಖದ ಮೇಲೆ ಮಚ್ಚೆ ಇರ್ತದಲ್ಲ, ಹಾಗೆ ಎಲುಬಿನ ಮೇಲೆ. ನನ್ನ ಇಷ್ಟು ವರ್ಷದಲ್ಲಿ ಎರಡನೇದು ನೀವು." ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಸಹಾಯಕನನ್ನು ಕರೆದು ತೋರಿಸಿದರು. ಆಮೇಲೆ ಹೇಳಿದರು: "ಒಂದು ಚೀಟಿ ಬರೆದುಕೊಡ್ತೇನೆ, ಜೋಪಾನ ಇಟ್ಕೊಳ್ಳಿ. ಮುಂದೆ ಯಾರಾದ್ರೂ ನೋಡಿ ಕ್ಯಾನ್ಸರ್ ಹರಡಿದೆ ಅಂತ ಹೆದರಿಸಿಯಾರು. ಕುಟುಂಬದಲ್ಲಿ ಬರ್ತದೆ ಇದು. ಅಣ್ಣ ತಮ್ಮ, ಅಕ್ಕ ತಂಗಿ ಇದ್ದಾರಾ?"

"ಅಕ್ಕ ಇದ್ದಾಳೆ" ಎಂದೆ.

ಅವರಿಗೆ ಎಲ್ಲ ಹೇಳಿದೆ. ಅವರ ಖುಷಿ ಇಳಿದುಹೋಯಿತು. ಅಕ್ಕನ ಚುಕ್ಕೆಗಳೂ ಇದೇ ಆಗಿರಬಹುದು, ಆಗದೆಯೂ ಇರಬಹುದು, ಕೂಡಲೇ ಆ ಆಸ್ಪತ್ರೆಗೆ ಹೋಗಿ, ನನ್ನ ಕೈಯ ಫಿಲ್ಮನ್ನೂ ಒಯ್ಯಿರಿ ಎಂದರು. "ಅವರದ್ದೇ ಹಳೇ ಎಕ್ಸ್‌ರೇ ಸಿಕ್ಕಿದ್ರೆ ತುಂಬಾ ಒಳ್ಳೇದು" ಎಂದೂ ಸೇರಿಸಿದರು.

ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಟ್ರಂಕು ತೆಗೆದೆ. ಅದರಲ್ಲಿ ಇರಲಿಲ್ಲ. ಎಡಗೈಯಲ್ಲಿ ಮನೆಯೆಲ್ಲ ಕಿತ್ತು ಹಾಕಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಕೈ ಮುರ್ಕಂಡು ಬಂದು ಎಂತ ಹುಡುಕ್ತಿರಿ?" ಎಂದಳು. ಅಕ್ಕನ ಫಿಲ್ಮು, ಗ್ರಹಣದ್ದು ಎಂದೆ. ಅವಳು ದೇವರ ಗೂಡಿನ ಕಡೆ ಕೈ ತೋರಿಸಿದಳು.

ಗ್ರಹಣದ ಮುಂದಿನ ಮಳೆಗಾಲದಲ್ಲಿ ಗಣಪತಿ ಪಟದ ಹಿಂದಿನ ರಟ್ಟು ನೀರು ಕುಡಿದು ಉಬ್ಬಿತ್ತಂತೆ. ಪಟ ಒದ್ದೆಯಾಗಬಾರದೆಂದು ಉಳಿದ ಫಿಲ್ಮಿನ ತುಂಡನ್ನು ಅದರ ಹಿಂದೆ ಸೇರಿಸಿ ಮೊಳೆ ಹೊಡೆದವನು ನಾನೇ. ಮರೆತಿದ್ದೆ. ಮೊಳೆ ಕಿತ್ತು ತೆಗೆದೆ. ಕಿಟಕಿಗೆ ಹಿಡಿದೆ. ಚುಕ್ಕೆಗಳು ಅಲ್ಲೇ ಇದ್ದವು. ನಾನು ಉಗುರಿನಿಂದ ಕೆರೆದ ಗೀರುಗಳೂ ಇದ್ದವು. ಅಕ್ಕನಿಗೆ ಮದುವೆ ಆಗುವ ಮೊದಲಿನ ಚುಕ್ಕೆಗಳು. ಐದು ತಿಂಗಳು ನಾನು ಅದರ ಎದುರೇ ನಿಂತು ಕೈಮುಗಿದಿದ್ದೆ.

ದೊಡ್ಡ ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಇದ್ದರು. ಹಳೆಯ ಫಿಲ್ಮನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡಿದರು. ಒಂದೊಂದೇ ಚುಕ್ಕೆಯ ಮೇಲೆ ಪೆನ್ನು ಇಟ್ಟು ಎಣಿಸಿದರು. ಜಾಗ ಅದೇ, ಗಾತ್ರ ಅದೇ. ಇಷ್ಟು ವರ್ಷ ಕದಲದೆ ಇದ್ದದ್ದು ಕ್ಯಾನ್ಸರ್ ಆಗಲಾರದು ಎಂದರು. ಖಾತ್ರಿಗೆ ಸೊಂಟದ ಎಲುಬಿನಿಂದ ಚೂರು ತೆಗೆದರು. ಈ ಸಲ ಬಾವ ಬೇಡ ಎನ್ನಲಿಲ್ಲ, ಗೋಡೆಗೆ ಹಣೆ ಆನಿಸಿ ನಿಂತಿದ್ದ. ಚೂರಿನಲ್ಲಿ ಎಲುಬಲ್ಲದೆ ಬೇರೆ ಏನೂ ಇರಲಿಲ್ಲ.

ಗಂಟು ಈಗ ಅಡಿಕೆಯಷ್ಟು ಇರಲಿಲ್ಲ. ಮೇಲಿನ ಚರ್ಮ ಹಿಡಿದುಕೊಂಡಿತ್ತು. ಕಂಕುಳಿಗೂ ಹೋಗಿತ್ತು. ಮೊದಲು ನರಕ್ಕೆ ಔಷಧಿ ಹನಿಸಿ ಕುಗ್ಗಿಸಬೇಕು, ಆಮೇಲೆ ಆಪರೇಶನ್, ಆಮೇಲೆ ನಮ್ಮ ಕಡೆ ಕರೆಂಟು ಎನ್ನುವ ರೇಡಿಯೇಶನ್ ಎಂದರು.

"ಆಗಲೇ..." ಎಂದು ಡಾಕ್ಟರು ಶುರು ಮಾಡಿ ನಿಲ್ಲಿಸಿದರು.

ಐದು ತಿಂಗಳಲ್ಲಿ ಎಷ್ಟು ಹಾಳಾಯಿತು ಎಂದು ನಾನೇ ಕೇಳಿದೆ. ಅದನ್ನು ಅಳತೆ ಮಾಡಿ ಹೇಳಲು ಬರುವುದಿಲ್ಲ ಎಂದರು. ಅವರು ಒಂದು ಕಟು ಮಾತನ್ನೂ ಆಡಲಿಲ್ಲ. ನಾನು ಸಹಿ ಮಾಡಿದ ಕಾಗದ ಅವರ ಕಡತದಲ್ಲೇ ಇತ್ತು. ತಿರುವುವಾಗ ನನಗೂ ಕಂಡಿತು.

ಫಲಿತಾಂಶ ಬಂದ ಮೇಲೆ ಅಕ್ಕನಿಗೆ ಎಲ್ಲವನ್ನೂ ನಾನೇ ಹೇಳಿದೆ. ತದಡಿಯ ಬಂದರದಲ್ಲಿ, ಸಂಜೆಗೆ ಮುಂಚೆ, ಒಣಹಾಕಿದ ಬಲೆಯ ಪಕ್ಕ ಕೂತು. ಚುಕ್ಕೆ, ಎಕ್ಸ್‌ರೇ, ಗ್ರಹಣ, ನನ್ನ ನಾಚಿಕೆ, ಸಹಿ, ಒಂದನ್ನೂ ಬಿಡಲಿಲ್ಲ. ಅವಳು ಬಲೆಯ ದಾರದ ಗಂಟೊಂದನ್ನು ಬಿಡಿಸುತ್ತ ಕೇಳಿದಳು.

"ಹಂಗಾರೆ ಎಲುಬಿಗೆ ಎಂತದೂ ಆಗ್ಲಿಲ್ಲ."

"ಇಲ್ಲ."

"ಎಲುಬಿಗೂ ಬಂದದೆ ಅಂತ ನಿಂಗೆ ಗೊತ್ತಿತ್ತು. ಬಾವಂಗೆ ಗೊತ್ತಿತ್ತು."

"ಗೊತ್ತಿತ್ತು ಅಂದ್ಕಂಡಿದ್ದೆವು."

"ನಂಗೂ ಗೊತ್ತಿತ್ತು ತಮಾ." ಗಂಟು ಬಿಚ್ಚಿತು, ಮುಂದಿನದಕ್ಕೆ ಕೈಹಾಕಿದಳು. "ನೀ ಫೋನಲ್ಲಿ ಕೊಟ್ಟುಬಿಡು ಅಂದ್ಯಲ್ಲ, ಆವತ್ತೇ ಗೊತ್ತಾತು. ನೀ ಬಿಟ್ರೆ ಬೇರೆ ಯಾರ ಕೇಳ್ಲಿ? ಎಲ್ಲರೂ ಸುಳ್ಳು ಹೇಳ್ತರು, ನೀ ಹೇಳುದಿಲ್ಲ ಅಂತೇ ನಿನ್ನ ಕೇಳಿದ್ದು."

ನಾನು ಬಲೆಯ ಇನ್ನೊಂದು ತುದಿ ಹಿಡಿದುಕೊಂಡೆ.

"ಜಾಗ ಹೋತಲ್ಲ ಮಾರಾಯಾ" ಎಂದಳು ಆಮೇಲೆ. ಅಷ್ಟು ದಿನದಲ್ಲಿ ಅವಳು ಅತ್ತದ್ದು ಆ ಮಾತಿಗೆ.

ಔಷಧಿ ಹನಿಸುವುದು ಮಳೆಗಾಲವಿಡೀ ನಡೆಯಿತು. ಕೂದಲು ಹೋಯಿತು. ಆಪರೇಶನ್ ಆಯಿತು, ಕರೆಂಟು ಕೊಟ್ಟಾಯಿತು. ಎಡಗೈ ಊದಿಕೊಂಡಿತು, ಇಳಿಯಲಿಲ್ಲ. ಆ ಕೈಯಲ್ಲಿ ಬುಟ್ಟಿ ಹೊರಬಾರದು, ಮೀನಿನ ಮುಳ್ಳು ತಾಗಬಾರದು. ಒಂದು ವರ್ಷ ಕಳೆದ ಮೇಲೆ ಅಕ್ಕ ವಾರಕ್ಕೆ ಮೂರು ದಿನ ಕುಮಟಾಕ್ಕೆ ಹೋಗತೊಡಗಿದಳು. ಮಾರ್ಕೆಟ್ಟಿನ ಒಳಗಲ್ಲ. ಹೊರಗೆ ಮೆಟ್ಟಿಲಿನ ಪಕ್ಕ, ಪ್ಲಾಸ್ಟಿಕ್ ಹಾಳೆ ಹಾಸಿ ಒಣಮೀನು ಇಟ್ಟುಕೊಂಡು ಕೂರುತ್ತಾಳೆ. ಅಲ್ಲಿ ಬೆನ್ನು ಆನಿಸಲು ಏನೂ ಇಲ್ಲ. ಹನ್ನೊಂದು ಗಂಟೆಗೆ ಬಿಸಿಲು ಬರುತ್ತದೆ. ಒಳಗೆ ಕಂಬದ ಹತ್ತಿರ ಕೂತ ಹೆಣ್ಣು ಮೊದಲ ದಿನವೇ ಎದ್ದು ಬಂದು, "ಬನ್ನಿ ಅಕ್ಕಾ, ನಿಮ್ದೇ ಜಾಗ" ಎಂದು ಮಣೆ ತಂದಳಂತೆ. ಅಕ್ಕ ಒಪ್ಪಲಿಲ್ಲ. ಎಲೆ ಅಡಿಕೆ ಇಟ್ಟು ಕೊಟ್ಟದ್ದು.

ಪಕ್ಕದವಳು ಒಂದು ತಿಂಗಳು ಅಕ್ಕನ ಜೊತೆ ಬಹಳ ಮೆತ್ತಗೆ ಮಾತಾಡಿದಳು. ಒಂದು ದಿನ ಒಳಗಿನಿಂದಲೇ ಕೂಗಿದಳಂತೆ: "ಏ ಮಾರಾಯ್ತಿ, ನಿನ್ನ ಒಣಮೀನ ವಾಸನೆಗೆ ನನ್ನ ಗಿರಾಕಿ ಎಲ್ಲ ಓಡಿಹೋಗ್ತರ್ಯೆ, ಆಚಿಗೆ ಸರಿ!" ಆ ದಿನ ಅಕ್ಕ ನನಗೆ ಫೋನ್ ಮಾಡಿ ಅದನ್ನೇ ಎರಡು ಸಲ ಹೇಳಿದಳು.

ಈಗಿನ ಸಂಗತಿ ಬರೆದು ಮುಗಿಸುತ್ತೇನೆ.

ಹೋದ ತಿಂಗಳ ತಪಾಸಣೆಯ ಸ್ಕ್ಯಾನಿನಲ್ಲಿ ಬೆನ್ನಿನ ಕೆಳಗಿನ ಮಣಿಯಲ್ಲಿ ಒಂದು ಬಿಳಿ ಚುಕ್ಕೆ ಕಂಡಿದೆ. ಮೊದಲ ಸ್ಕ್ಯಾನಿನಲ್ಲೂ ಅದು ಇತ್ತು, ಚಿಕ್ಕದಾಗಿ. ಈಗ ತುಸು ದೊಡ್ಡದು ಕಾಣುತ್ತದೆ. ಸೊಂಟದಲ್ಲಿ ಇರುವಂಥ ನಿರುಪದ್ರವಿ ಚುಕ್ಕೆ ಬೆನ್ನುಮಣಿಯಲ್ಲಿ ಇರುವುದು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ ಎಂದರು ಡಾಕ್ಟರು. ಹಳೆಯ ಫಿಲ್ಮು ತಂದಿದ್ದೀರಾ ಎಂದರು. ಅದು ನನ್ನ ಚೀಲದಲ್ಲೇ ಇರುತ್ತದೆ, ಕೊಟ್ಟೆ. ಅವರು ಅದನ್ನು ದೀಪಕ್ಕೆ ಹಿಡಿದರು. ಸೊಂಟದ ಎಲುಬಿನ ಮೇಲಂಚು ಶುರುವಾಗುವಲ್ಲೇ ಫಿಲ್ಮು ಮುಗಿದಿತ್ತು. ಕತ್ತರಿಯ ಗೆರೆ ಬಹಳ ನೇರವಾಗಿತ್ತು. ಅದರ ಮೇಲಿನ ಪಟ್ಟಿಯಲ್ಲಿ, ಕಪ್ಪಿನ ನಡುವೆ, ಆ ಬೆನ್ನುಮಣಿ ಇತ್ತು. ಅದನ್ನು ನಾನು ಯಾರಿಗೆ ಕೊಟ್ಟೆ ಎಂದು ಶಾಲೆಯಲ್ಲಿ ಎಲ್ಲರನ್ನೂ ಕೇಳಿದ್ದೇನೆ. ಗ್ರಹಣ ಬಿಟ್ಟ ಮೇಲೆ ಅಂಥದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ?

ಆ ದಿನ ಡಾಕ್ಟರು ನನ್ನ ಕಡೆ ತಿರುಗಿ ಮಾತಾಡತೊಡಗಿದಾಗ ಅಕ್ಕ ನಡುವೆ ಬಾಯಿ ಹಾಕಿದಳು.

"ಡಾಕ್ಟ್ರೇ, ಅವಂಗೆ ಹೇಳ್ಬೇಡಿ. ನಂಗೆ ಹೇಳಿ. ಎಲುಬು ನಂದು."

ಅವರು ಅವಳಿಗೇ ಹೇಳಿದರು. ಮೂರು ತಿಂಗಳು ಬಿಟ್ಟು ಮತ್ತೆ ನೋಡಬಹುದು, ಅಥವಾ ಈಗಲೇ ಸೂಜಿ ಹಾಕಿ ಚೂರು ತೆಗೆಯಬಹುದು ಎಂದರು. ಅವಳು ಈಗಲೇ ತೆಗೆಯಿರಿ ಎಂದಳು. ತೆಗೆದಿದ್ದಾರೆ. ಫಲಿತಾಂಶ ಬರುವುದು ಮುಂದಿನ ವಾರ.

ಇವತ್ತು ಭಾನುವಾರ, ಕುಮಟಾಕ್ಕೆ ಹೋಗಿದ್ದೆ. ಮೆಟ್ಟಿಲಿನ ಮೇಲೆ ಅಕ್ಕನ ಪಕ್ಕ ಕೂತೆ. ಕಂಬದ ಹತ್ತಿರದ ಹೆಣ್ಣಿಗೆ ಹೊನ್ನಾವರದ ಕಡೆ ಸಂಬಂಧ ಕೂಡಿದೆಯಂತೆ. ಮುಂದಿನ ತಿಂಗಳು ಹೋಗುತ್ತಾಳೆ. ಹೋಗುವ ಮೊದಲು ತಾನೇ ಎಲೆ ಅಡಿಕೆ ಇಟ್ಟು ಜಾಗವನ್ನು ಅಕ್ಕನಿಗೆ ಕೊಡುತ್ತೇನೆ ಎಂದಿದ್ದಾಳಂತೆ. ಹಾಗೆ ಕೊಟ್ಟರೆ ತೆಗೆದುಕೊಳ್ಳಬಹುದು, ತಪ್ಪಿಲ್ಲ ಎಂದು ಮಾರ್ಕೆಟ್ಟಿನ ಹಿರಿಯ ಹೆಂಗಸರೂ ಹೇಳಿದ್ದಾರಂತೆ. ಅಕ್ಕ ಬೇಡ ಎಂದರೆ ಕೇಳುವವರು ಇನ್ನಿಬ್ಬರು ಇದ್ದಾರೆ. ನಾಳೆಯೊಳಗೆ ಹೇಳಬೇಕು, ಫಲಿತಾಂಶ ಬರುವ ಮೊದಲೇ.

"ತಕಳ್ಲ ತಮಾ, ಬ್ಯಾಡ್ವ?" ಎಂದು ಕೇಳಿದಳು.

ನಾನು ಪ್ಲಾಸ್ಟಿಕ್ ಹಾಳೆಯ ಮಡಚಿಕೊಂಡ ಅಂಚನ್ನು ಬಿಡಿಸತೊಡಗಿದೆ. ಅವಳು ಊದಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾದಳು. ಆಮೇಲೆ ಇನ್ನೊಂದು ಕೈಯಿಂದ ಒಣಬಂಗಡೆಯ ಮೇಲೆ ಕೂತ ನೊಣಗಳನ್ನು ಓಡಿಸಿದಳು.